ಮಳೆಗಾಲದ ಕಾರವಾರದಲ್ಲಿ ಬೆಂಟೊನೈಟಿಗೆ ಔಷಧ ಏರಿಸುವ ಕೆಲಸ

ಬೆಂಟೊನೈಟ್ ಎಂಬ ಊದುವ ಜೇಡಿಮಣ್ಣಿನ ಪದರಗಳ ನಡುವೆ ಔಷಧ ಕೂರಿಸಿದರೆ ಅದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಆ ಕೆಲಸಕ್ಕೆ ಬೀಕರು ಕೈಗೆತ್ತಿಕೊಳ್ಳುವ ಮೊದಲೇ ಮುಗಿಸಬೇಕಾದ ಲೆಕ್ಕ ಒಂದಿದೆ: ಒಂದು ಹೊತ್ತಿನ ಡೋಸು ಎಷ್ಟು, ಅದನ್ನು ಹೊರಲು ಎಷ್ಟು ಮಣ್ಣು ಬೇಕು? ಒಳ್ಳೆಯ ಸೋಡಿಯಂ ಬೆಂಟೊನೈಟಿನ ಧನ ಅಯಾನು ವಿನಿಮಯ ಸಾಮರ್ಥ್ಯ (ತನ್ನಲ್ಲಿರುವ ಧನ ಅಯಾನು ಬಿಟ್ಟು ಬೇರೊಂದನ್ನು ಹಿಡಿಯುವ ಶಕ್ತಿ) 100 ಗ್ರಾಂಗೆ 90 ಮಿಲಿಈಕ್ವಿವಲೆಂಟಿನ ಆಸುಪಾಸು. ಅಂದರೆ 1 ಗ್ರಾಂ ಮಣ್ಣು 0.9 ಮಿಲಿಮೋಲ್ ಏಕಧನ ಅಯಾನನ್ನು ಹಿಡಿದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡಿನ ಅಣುತೂಕ 165.6. 500 ಮಿಲಿಗ್ರಾಂ ಮಾತ್ರೆಯಲ್ಲಿ 3 ಮಿಲಿಮೋಲ್ ಇದೆ, ಅದನ್ನು ಹೊರಲು 3.3 ಗ್ರಾಂಗಿಂತ ಹೆಚ್ಚು ಮಣ್ಣು ಬೇಕು. ಅಷ್ಟು ದೊಡ್ಡ ಮಾತ್ರೆ ಯಾರ ಗಂಟಲಲ್ಲೂ ಇಳಿಯುವುದಿಲ್ಲ. ರಕ್ತದೊತ್ತಡದ ಔಷಧ ಪ್ರೊಪ್ರಾನೊಲಾಲ್ ಹೈಡ್ರೋಕ್ಲೋರೈಡಿನ ಅಣುತೂಕ 295.8, ಸಾಮಾನ್ಯ ಡೋಸು 40 ಮಿಲಿಗ್ರಾಂ. ಅದಕ್ಕೆ 150 ಮಿಲಿಗ್ರಾಂ ಮಣ್ಣು ಸಾಕು, ಒಂದು ಸಣ್ಣ ಮಾತ್ರೆಯಲ್ಲಿ ಎರಡೂ ಕೂರುತ್ತವೆ. ದೇಹದಲ್ಲಿ ಅದರ ಅರ್ಧಾಯುಷ್ಯ 3ರಿಂದ 6 ತಾಸು ಮಾತ್ರ, ಆದ್ದರಿಂದ ನಿಧಾನವಾಗಿ ಬಿಡುಗಡೆಯಾದರೆ ಲಾಭವೂ ಇದೆ. ಈ ಲೆಕ್ಕ ಮಾಡದೆ ಕೈಗೆ ಸಿಕ್ಕ ಔಷಧವನ್ನು ಮಣ್ಣಿಗೆ ತುರುಕಿದರೆ ಪ್ರಯೋಗ ಕಾಗದದ ಮೇಲಷ್ಟೇ ಗೆಲ್ಲುತ್ತದೆ. ಮುಂದೆ ಹೇಳುವುದೆಲ್ಲ ಪ್ರೊಪ್ರಾನೊಲಾಲಿನ ವಿಷಯ. ಇದು ಪ್ರಯೋಗಶಾಲೆಯ ಕೆಲಸ, ಹೀಗೆ ಮಾಡಿದ ಪುಡಿಯನ್ನು ಯಾರೂ ನುಂಗಬಾರದು.

ನಮ್ಮ ಜಿಲ್ಲೆಯ ಮಣ್ಣೇ ಯಾಕಾಗಬಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಕಲ್ಲಿನೊಳಗಿನ ಸೋಡಿಯಂ, ಮೆಗ್ನೀಷಿಯಂ, ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಅದೇ ಚಿರೇಕಲ್ಲು. ಜೊತೆಗೆ ಸಿಗುವ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಜಾತಿಯದು. ಗೋಡೆಗೆ ಬಳಿಯಲು ಶೇಡಿ ಚೆಂದ, ಆದರೆ ಕೆಯೊಲಿನೈಟಿನ ವಿನಿಮಯ ಸಾಮರ್ಥ್ಯ 100 ಗ್ರಾಂಗೆ 3ರಿಂದ 15 ಮಿಲಿಈಕ್ವಿವಲೆಂಟ್ ಮಾತ್ರ, ಪದರಗಳೂ ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಅಘನಾಶಿನಿ ಕಡೆಯ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕರಿ ಕೆಸರಿನಲ್ಲಿ ಜೀವಾಂಶ, ಉಪ್ಪು, ಚಿಪ್ಪಿನ ಚೂರು ಎಲ್ಲ ಬೆರೆತಿರುತ್ತವೆ. ಅದನ್ನು ಶುದ್ಧ ಮಾಡುವ ಶ್ರಮದಲ್ಲಿ ಎರಡು ಪ್ರಯೋಗ ಮುಗಿಸಬಹುದು. ಹಾಗಾಗಿ ಕಛ್ ಅಥವಾ ಬಾಡಮೇರಿನ ಬೆಂಟೊನೈಟ್ ತರಿಸುವುದೇ ದಾರಿ.

ಚೀಲ ಬಂದ ಕೂಡಲೇ ಊದುವ ಪರೀಕ್ಷೆ ಮಾಡಿ. 100 ಮಿಲಿ ನೀರಿರುವ ಅಳತೆಯ ಸಿಲಿಂಡರಿಗೆ 2 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ, ಹಾಕಿದ್ದು ಮುಳುಗಲು ಬಿಡುವು ಕೊಟ್ಟು ಉದುರಿಸಬೇಕು. ಎರಡು ತಾಸು ಬಿಟ್ಟು ನೋಡಿದಾಗ ತಳದಲ್ಲಿ ಊದಿದ ರಾಶಿ 24 ಮಿಲಿಗಿಂತ ಕಡಿಮೆಯಿದ್ದರೆ ಔಷಧ ದರ್ಜೆಯದಲ್ಲ. ಒಂದೇ ಸಲ ಸುರಿದರೆ ಹೊರಗೆ ಜೆಲ್ ಕಟ್ಟಿ ಒಳಗೆ ಒಣಪುಡಿ ಉಳಿಯುತ್ತದೆ, ಒಳ್ಳೆಯ ಮಣ್ಣೂ ನಪಾಸಾಗುತ್ತದೆ. ಕ್ಯಾಲ್ಸಿಯಂ ಬೆಂಟೊನೈಟ್ ಅಷ್ಟು ಊದುವುದಿಲ್ಲ, ಅದನ್ನು ಸೋಡಿಯಂ ರೂಪಕ್ಕೆ ತಂದುಕೊಳ್ಳಬಹುದು. ಪುಡಿ ಸುರಿಯುವಾಗ ಮೂಗಿಗೆ ಮಾಸ್ಕ್ ಕಡ್ಡಾಯ, ಕಚ್ಚಾ ಬೆಂಟೊನೈಟಿನಲ್ಲಿ ಸ್ಫಟಿಕ ಸಿಲಿಕಾ ಇರುತ್ತದೆ. ಸೀಸ, ಆರ್ಸೆನಿಕ್ ಪರೀಕ್ಷೆಯ ವರದಿಯನ್ನು ಮಾರುವವರಿಂದಲೇ ಕೇಳಿ ಪಡೆಯಬೇಕು. ಔಷಧಗಳ ಗುಣಮಟ್ಟ ಹೇಳುವ ಅಮೆರಿಕದ ಗ್ರಂಥ ಫಾರ್ಮಕೋಪಿಯಾ ಆರ್ಸೆನಿಕ್ಕಿಗೆ 5 ಪಿಪಿಎಂ, ಸೀಸಕ್ಕೆ 40 ಪಿಪಿಎಂ ಮಿತಿ ಇಟ್ಟಿದೆ.

ಶುದ್ಧೀಕರಣದಲ್ಲಿ ಮೊದಲನೆಯದು ಮರಳು ಬೇರ್ಪಡಿಸುವುದು. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 20 ಗ್ರಾಂ ಹಾಕಿ ರಾತ್ರಿಯಿಡೀ ಕಲಕಿ. ಮರುದಿನ ಬಗ್ಗಡವನ್ನು ಅಲುಗಾಡಿಸದೆ ಬಿಟ್ಟು, ಮೇಲಿನ 10 ಸೆಂಟಿಮೀಟರನ್ನು ಸೈಫನ್ ಕೊಳವೆಯಿಂದ ಎಳೆದುಕೊಳ್ಳಬೇಕು. 2 ಮೈಕ್ರಾನಿಗಿಂತ ಚಿಕ್ಕ ಕಣ ಅಷ್ಟರಲ್ಲೇ ಉಳಿದಿರುತ್ತದೆ. ಎಷ್ಟು ಹೊತ್ತು ಬಿಡಬೇಕು ಎಂಬಲ್ಲಿ ಒಂದು ಸೂಕ್ಷ್ಮವಿದೆ. ಪುಸ್ತಕಗಳು ಹೇಳುವ 8 ತಾಸು 20 ಡಿಗ್ರಿಯ ನೀರಿಗೆ ಸರಿ. ನಮ್ಮಲ್ಲಿ ಕೋಣೆಯ ನೀರು 28 ಡಿಗ್ರಿ ಇರುತ್ತದೆ, ನೀರು ತೆಳುವಾದಷ್ಟೂ ಕಣ ಬೇಗ ಇಳಿಯುತ್ತದೆ. ಸ್ಟೋಕ್ಸ್ ಸೂತ್ರ ಹಾಕಿದರೆ ಆರೂವರೆ ತಾಸಿನ ಹತ್ತಿರ ಬರುತ್ತದೆ. 8 ತಾಸು ಕಾದರೆ ಕೆಟ್ಟುಹೋಗುವುದೇನೂ ಇಲ್ಲ, ಆದರೆ ಸಿಗಬೇಕಾದ ಮಣ್ಣಿನಲ್ಲಿ ಒಂದು ಪಾಲು ತಳಕ್ಕೆ ಹೋಗಿರುತ್ತದೆ. ತಳದ ಗಸಿಯಲ್ಲಿ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಇರುತ್ತವೆ, ಅದನ್ನು ಚೆಲ್ಲಿ. ಆಮ್ಲದ ಹನಿ ಬಿಟ್ಟಾಗ ನೊರೆ ಬಂದರೆ ಕಾರ್ಬೊನೇಟ್ ಇದೆ ಎಂದರ್ಥ. ಪಿಎಚ್ 5ರ ಸೋಡಿಯಂ ಅಸಿಟೇಟ್ ಬಫರಿನಲ್ಲಿ ತೊಳೆದರೆ ಅದು ಹೋಗುತ್ತದೆ. ಬಿಟ್ಟರೆ ಕ್ಯಾಲ್ಸಿಯಂ ಮುಂದೆ ಪ್ರತಿ ಹಂತದಲ್ಲೂ ತಲೆ ಹಾಕುತ್ತದೆ.

ಆಮೇಲೆ ಸೋಡಿಯಂ ವಿನಿಮಯ. ಲೀಟರಿಗೆ 58.4 ಗ್ರಾಂ ಸೋಡಿಯಂ ಕ್ಲೋರೈಡ್ ಕರಗಿಸಿದ 1 ಮೋಲಾರ್ ದ್ರಾವಣದಲ್ಲಿ ಮಣ್ಣನ್ನು ಹಗಲು ರಾತ್ರಿ ಕಲಕಿ, ತಿಳಿ ಬಸಿದು ಹೊಸ ದ್ರಾವಣ ಹಾಕಬೇಕು, ಒಟ್ಟು ಮೂರು ಸಲ. ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿರುವಾಗ ಬಾಟಲಿ ಉಪ್ಪಿಗೆ ಯಾಕೆ ದುಡ್ಡು ಎನ್ನುವವರಿದ್ದಾರೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಇರುತ್ತವೆ. ಎರಡು ಆವೇಶದ ಈ ಅಯಾನುಗಳನ್ನು ಮಣ್ಣು ಸೋಡಿಯಮ್ಮಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಸೋಡಿಯಂ ಮಣ್ಣು ಮಾಡಲು ಹೊರಟು ಅರ್ಧ ಮೆಗ್ನೀಷಿಯಂ ಮಣ್ಣು ಮಾಡಿ ಕೂರುವುದಾಗುತ್ತದೆ. ಆ ಉಪ್ಪು ಅಡುಗೆಮನೆಗಿರಲಿ, ಇಲ್ಲಿ ಎಆರ್ (ಪ್ರಯೋಗಶಾಲೆಯ ಶುದ್ಧತೆಯ) ದರ್ಜೆಯದೇ ಬೇಕು.

ಉಪ್ಪು ತೊಳೆಯುವ ಹಂತದಲ್ಲಿ ಹೆಚ್ಚಿನವರ ತಾಳ್ಮೆ ಹೋಗುತ್ತದೆ. ಉಪ್ಪಿರುವಷ್ಟು ಹೊತ್ತು ಮಣ್ಣು ಗಟ್ಟಿಯಾಗಿ ತಳ ಹಿಡಿಯುತ್ತದೆ, ಸೆಂಟ್ರಿಫ್ಯೂಜ್ ಮಾಡಿದರೆ ತಿಳಿ ಸ್ವಚ್ಛ. ಎರಡು ಮೂರು ತೊಳೆತ ಆಗುತ್ತಿದ್ದಂತೆ ಪದರಗಳು ಒಂದನ್ನೊಂದು ದೂರ ತಳ್ಳತೊಡಗುತ್ತವೆ, ಮಣ್ಣು ನೀರಿನಲ್ಲಿ ಹರಡಿ ಕೆಳಗಿಳಿಯುವುದೇ ಇಲ್ಲ. 4000 ಸುತ್ತಿನ ಸಾಮಾನ್ಯ ಯಂತ್ರ ಇಲ್ಲಿ ಸೋಲುತ್ತದೆ. ಆಗ ಬಗ್ಗಡವನ್ನು ತಿಳಿ ಎಂದುಕೊಂಡು ಚೆಲ್ಲಿದರೆ ಅತಿ ಸಣ್ಣ ಕಣ, ಅಂದರೆ ಅತ್ಯುತ್ತಮ ಮಣ್ಣೇ ಸಿಂಕಿಗೆ ಹೋಗುತ್ತದೆ. 10,000 ಸುತ್ತಿನ ಯಂತ್ರ ಇಲ್ಲದವರಿಗೆ ಡಯಾಲಿಸಿಸ್ ಚೀಲವೇ ಗತಿ. ಚೀಲವನ್ನು ಮೂರನೇ ಎರಡು ಭಾಗ ಮಾತ್ರ ತುಂಬಬೇಕು. ಒಳಗಿನ ಉಪ್ಪು ನೀರನ್ನು ಎಳೆದುಕೊಂಡು ಚೀಲ ಬಿಗಿಯುತ್ತದೆ, ಜಾಗ ಬಿಡದಿದ್ದರೆ ಗಂಟು ಬಿಚ್ಚುತ್ತದೆ ಇಲ್ಲವೇ ಚೀಲ ಒಡೆಯುತ್ತದೆ. ಹೊರಗಿನ ನೀರನ್ನು ದಿನಕ್ಕೆರಡು ಸಲ ಬದಲಿಸಿ, 0.1 ಮೋಲಾರ್ ಸಿಲ್ವರ್ ನೈಟ್ರೇಟ್ ನಾಲ್ಕು ಹನಿ ಹಾಕಿ ನೋಡುತ್ತಿರಬೇಕು. ಬಿಳಿ ಮಸುಕು ಬಾರದಿದ್ದರೆ ಕ್ಲೋರೈಡ್ ಹೋಯಿತು. ಜೊತೆಯಲ್ಲಿ ಬರೀ ಡಿಸ್ಟಿಲ್ಡ್ ನೀರಿಗೂ ಅದೇ ಹನಿ ಹಾಕಿ ನೋಡಲೇಬೇಕು. ಬೇಸಿಗೆಯಲ್ಲಿ ಖಾರಿಯ ಪಕ್ಕದ ಬಾವಿಗಳಿಗೆ ಉಪ್ಪು ಏರುತ್ತದೆ. ಆ ನೀರು ಬಳಸುವ ಡಿಸ್ಟಿಲೇಷನ್ ಯಂತ್ರ ಕುದಿಯುವಾಗ ಸಿಡಿದು ಒಂದಿಷ್ಟು ಆಚೆ ದಾಟಿತೆಂದರೆ ನೀರೇ ಮಸುಕಾಗುತ್ತದೆ. ಆಗ ಮಣ್ಣನ್ನು ಎಷ್ಟು ತೊಳೆದರೂ ಮುಗಿಯುವುದಿಲ್ಲ.

ವಿನಿಮಯ ಸಾಮರ್ಥ್ಯದ ಸಂಖ್ಯೆಯನ್ನು ಮಣ್ಣು ಮಾರುವವರ ಕಾಗದದಿಂದ ನಕಲು ಮಾಡಬೇಡಿ, ಅಳೆಯಿರಿ. ಮೆಥಿಲೀನ್ ಬ್ಲೂ ಸಾಕು. ಅರ್ಧ ಗ್ರಾಂ ಮಣ್ಣನ್ನು ನೀರಿನಲ್ಲಿ ಪೂರ್ತಿ ಹರಡಿಸಿ, ಸ್ವಲ್ಪ ಗಂಧಕಾಮ್ಲ ಹಾಕಿ ಪಿಎಚ್ 3ರ ಆಸುಪಾಸಿಗೆ ತಂದು, 0.01 ನಾರ್ಮಲ್ ಬಣ್ಣವನ್ನು ಬ್ಯೂರೆಟ್ಟಿನಿಂದ ಬಿಡಬೇಕು. ಆಗಾಗ ಗಾಜಿನ ಕಡ್ಡಿಯಿಂದ ಒಂದು ಹನಿ ಫಿಲ್ಟರ್ ಕಾಗದದ ಮೇಲಿಡಿ. ಗಾಢ ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ಉಂಗುರ ಮೂಡಿ, ಎರಡು ನಿಮಿಷ ಕಲಕಿದ ಮೇಲೂ ಉಳಿದರೆ ಅದೇ ಕೊನೆಯ ಬಿಂದು. 45 ಮಿಲಿ ಹಿಡಿಸಿದರೆ ಸಾಮರ್ಥ್ಯ 90. ಇಲ್ಲಿ ತೂಗಿದ್ದು ಒಣ ಮಣ್ಣೇ ಎಂಬುದು ಮುಖ್ಯ. ಆರಿದ್ರಾ ಮಳೆ ಹೊಯ್ಯುವಾಗ ತೆರೆದಿಟ್ಟ ಬೆಂಟೊನೈಟ್ ತನ್ನ ತೂಕದ ಶೇ. 15-20ರಷ್ಟು ನೀರನ್ನು ಗಾಳಿಯಿಂದಲೇ ಹೀರಿಕೊಳ್ಳಬಲ್ಲದು. ಪ್ರತಿ ಸಲ ತೂಗುವಾಗ ಅದೇ ಡಬ್ಬಿಯಿಂದ ಇನ್ನೊಂದು ಗ್ರಾಂ ತೆಗೆದು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ತೇವದ ಪ್ರಮಾಣ ಕಳೆದು ಲೆಕ್ಕ ಹಾಕಬೇಕು. ಪ್ರಯೋಗಕ್ಕೆ ಬಳಸುವ ಮಣ್ಣನ್ನೇ 105ಕ್ಕೆ ಕಾಯಿಸಿದರೆ ಮತ್ತೆ ನೀರಿನಲ್ಲಿ ಹರಡಲು ಸತಾಯಿಸುತ್ತದೆ.

ಈಗ ಮಾರ್ಪಾಡಿನ ಮಾತು. ಆಮ್ಲದಲ್ಲಿ ಕುದಿಸುವುದು, ಸರ್ಫ್ಯಾಕ್ಟೆಂಟ್ ಏರಿಸುವುದು, ಪಾಲಿಮರ್ ಹೊದಿಸುವುದು ಹೀಗೆ ಹಲವು ದಾರಿಗಳಿವೆ. ಯಾವುದು ಬೇಕೆಂದು ಔಷಧದ ಆವೇಶವೇ ಹೇಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 80-90 ಡಿಗ್ರಿಗೆ ಕಾಯಿಸಿದರೆ ಪದರದೊಳಗಿನ ಅಲ್ಯುಮಿನಿಯಂ, ಮೆಗ್ನೀಷಿಯಂ ಹೊರಬಂದು ಮೇಲ್ಮೈ ವಿಸ್ತೀರ್ಣ ಏರುತ್ತದೆ, ಆದರೆ ವಿನಿಮಯ ಸಾಮರ್ಥ್ಯ ಇಳಿಯುತ್ತದೆ. ಧನ ಆವೇಶದ ಪ್ರೊಪ್ರಾನೊಲಾಲಿಗೆ ಇದು ತಿರುಗುಬಾಣ. ಡೈಕ್ಲೋಫೆನಾಕಿನಂಥ ಋಣ ಆವೇಶದ ಔಷಧವನ್ನು ಬರೀ ಮಣ್ಣು ಹತ್ತಿರ ಸೇರಿಸುವುದಿಲ್ಲ, ಆಗ ಸೆಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್ ಎಂಬ ಧನ ಆವೇಶದ ಸರ್ಫ್ಯಾಕ್ಟೆಂಟ್ ಏರಿಸುತ್ತಾರೆ. 10 ಗ್ರಾಂ ಮಣ್ಣಿಗೆ ಸಾಮರ್ಥ್ಯದ ಒಂದು ಪಟ್ಟು ಎಂದರೆ 3.28 ಗ್ರಾಂ. ಅಷ್ಟಕ್ಕೆ ಮಣ್ಣಿನ ಆವೇಶ ತಟಸ್ಥವಾಗುತ್ತದೆ, ಧನವಾಗಬೇಕಾದರೆ ಎರಡು ಪಟ್ಟಿನ ಹತ್ತಿರ ಹೋಗಬೇಕು. ಆ ಎರಡನೇ ಪಾಲು ಸಡಿಲವಾಗಿ ಕೂತಿರುತ್ತದೆ, ಔಷಧದ ಜೊತೆ ತಾನೂ ಹೊರಬರುತ್ತದೆ, ಜೀವಕೋಶಗಳಿಗೆ ವಿಷ. ಬಾಯಿಂದ ಕೊಡುವ ಔಷಧಕ್ಕೆ ಈ ದಾರಿ ಹಿಡಿಯುವ ಪ್ರಬಂಧಗಳನ್ನು ನೋಡಿದಾಗ ಸೋರಿಕೆಯ ಅಳತೆ ಎಲ್ಲಿದೆ ಎಂದು ಮೊದಲು ಹುಡುಕುವುದು ಒಳ್ಳೆಯದು. ಸಿಗಡಿ, ಏಡಿಯ ಚಿಪ್ಪಿನಿಂದ ಮಾಡುವ ಪಾಲಿಮರ್ ಕೈಟೊಸಾನ್ ಅಷ್ಟು ಅಪಾಯದ್ದಲ್ಲ. ಪ್ರೊಪ್ರಾನೊಲಾಲಿಗಾದರೋ ಸೋಡಿಯಂ ರೂಪಕ್ಕೆ ತಂದದ್ದೇ ಸಾಕಷ್ಟು ಮಾರ್ಪಾಡು.

ಏರಿಸುವ ದಿನ: ಒಣ ಲೆಕ್ಕದ 1 ಗ್ರಾಂ ಸೋಡಿಯಂ ಮಣ್ಣನ್ನು 50 ಮಿಲಿ ನೀರಿನಲ್ಲಿ ಎರಡು ತಾಸು ಕಲಕಿ ಹರಡಿಸಿ. 400 ಮಿಲಿಗ್ರಾಂ ಪ್ರೊಪ್ರಾನೊಲಾಲ್ ಹೈಡ್ರೋಕ್ಲೋರೈಡನ್ನು ಇನ್ನೊಂದು 50 ಮಿಲಿಯಲ್ಲಿ ಕರಗಿಸಿ. ಇದು ಸಾಮರ್ಥ್ಯದ ಒಂದೂವರೆ ಪಟ್ಟು, ಹೆಚ್ಚುವರಿ ಇದ್ದರೇ ಮಣ್ಣು ತುಂಬಿತೋ ಇಲ್ಲವೋ ತಿಳಿಯುವುದು. ಪಿಎಚ್ 6ರಿಂದ 7ರೊಳಗಿರಲಿ. ಈ ಔಷಧದ ಪಿಕೆಎ (ಅರ್ಧ ಅಣುಗಳು ಆವೇಶ ಕಳೆದುಕೊಳ್ಳುವ ಪಿಎಚ್) 9.5, ಆದ್ದರಿಂದ 7ರ ಕೆಳಗೆ ಬಹುತೇಕ ಎಲ್ಲ ಅಣುಗಳೂ ಧನ ಅಯಾನಾಗಿರುತ್ತವೆ. ಬೆಂಟೊನೈಟಿನ ಬಗ್ಗಡ ತಾನಾಗಿಯೇ 9-10ರ ಕಡೆ ವಾಲುತ್ತದೆ. ಸರಿಪಡಿಸದೆ ಸುರಿದರೆ ಔಷಧದ ಒಂದು ಪಾಲು ಆವೇಶವಿಲ್ಲದ ಬೇಸ್ ರೂಪಕ್ಕೆ ತಿರುಗಿ ಮಣ್ಣಿನ ಮೇಲೆ ಗರಣೆಗಟ್ಟುತ್ತದೆ. ಹಿಡಿದ ಔಷಧದ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಪದರದ ಒಳಗೆ ಮಾತ್ರ ಅಷ್ಟು ಹೋಗಿರುವುದಿಲ್ಲ. ಔಷಧದ ದ್ರಾವಣವನ್ನು ಕಲಕುತ್ತಲೇ ಹನಿಹನಿಯಾಗಿ ಸೇರಿಸಿ, ಬಾಟಲಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ. ಪ್ರೊಪ್ರಾನೊಲಾಲ್ ಬೆಳಕಿಗೆ ಕೆಡುತ್ತದೆ. ಔಷಧ ತಾಗಿದೊಡನೆ ಮಣ್ಣು ಮೊಸರೊಡೆದು ತಳಕ್ಕೆ ಬರತೊಡಗುವುದು ಒಳ್ಳೆಯ ಸೂಚನೆ. ಬೇಗ ಸುರಿದರೆ ಮಾತ್ರ ಮುದ್ದೆಯೊಳಗೆ ಔಷಧ ಕಾಣದ ಮಣ್ಣು ಸಿಕ್ಕಿಕೊಳ್ಳುತ್ತದೆ.

ಹಿಡಿಯುವ ಕೆಲಸದ ಬಹುಪಾಲು ಮೊದಲ ತಾಸಿನಲ್ಲೇ ಮುಗಿದರೂ 37 ಡಿಗ್ರಿಯ ಶೇಕರಿನಲ್ಲಿ 24 ತಾಸು ಇಡುವುದು ವಾಡಿಕೆ. ಗಾಳಿಮಳೆಗೆ ಕರೆಂಟು ಹೋಗಿ 37 ಡಿಗ್ರಿಯಿಂದ ಇಳಿದರೆ ಕೊನೆಯ ಸಮತೋಲದ ಮಾದರಿಗಳಿಗೆ ಆತಂಕವಿಲ್ಲ, ಮತ್ತೆ ಬಿಸಿ ಮಾಡಿ ಕೆಲವು ತಾಸು ಹೆಚ್ಚು ಕಲಕಿದರಾಯಿತು. ಸಮಯಕ್ಕೆ ತಕ್ಕಂತೆ ವೇಗ ಅಳೆಯುತ್ತಿದ್ದರೆ ಆ ಸರಣಿ ಪೂರ್ತಿ ವ್ಯರ್ಥ.

ಸೆಂಟ್ರಿಫ್ಯೂಜ್ ಮಾಡಿ ತೆಗೆದ ತಿಳಿಯನ್ನು 50 ಪಟ್ಟು ತೆಳುಮಾಡಿ 290 ನ್ಯಾನೋಮೀಟರಿನಲ್ಲಿ ಅಳೆಯಬೇಕು. ಮಾಪನ ರೇಖೆಯನ್ನು ಲೀಟರಿಗೆ 5ರಿಂದ 40 ಮಿಲಿಗ್ರಾಂವರೆಗೆ ಹಾಕಿಕೊಳ್ಳಿ, 20 ಮಿಲಿಗ್ರಾಂಗೆ ಹೀರುವಿಕೆ 0.4ರ ಆಸುಪಾಸು ಬಂದರೆ ದ್ರಾವಣ ಸರಿಯಾಗಿದೆ. ಅದೇ ತಿಳಿಯನ್ನು 400ರಲ್ಲೂ ನೋಡಿ. ಅಲ್ಲಿ ಔಷಧ ಬೆಳಕು ಹೀರುವುದಿಲ್ಲ, ಆದರೂ ಓದು ಸೊನ್ನೆಗಿಂತ ಮೇಲಿದ್ದರೆ ಕಣ್ಣಿಗೆ ಕಾಣದ ಮಣ್ಣಿನ ಕಣ ಬೆಳಕು ಚದುರಿಸುತ್ತಿದೆ. ಆ ಮಣ್ಣನ್ನೇ ಔಷಧವೆಂದು ಲೆಕ್ಕ ಹಿಡಿದಂತಾಗುತ್ತದೆ, ಮತ್ತೆ ತಿರುಗಿಸಿ. 0.22 ಮೈಕ್ರಾನ್ ಫಿಲ್ಟರ್ ಹಾಕಿದರೆ ಮೆಂಬ್ರೇನ್ ತಾನೇ ಒಂದಿಷ್ಟು ಔಷಧ ಕುಡಿಯುತ್ತದೆ, ಮೊದಲ 5 ಮಿಲಿ ಚೆಲ್ಲಬೇಕು. ಮಣ್ಣಿಲ್ಲದ ಔಷಧ, ಔಷಧವಿಲ್ಲದ ಮಣ್ಣು, ಇವೆರಡೂ ಅದೇ ಬಾಟಲಿ, ಅದೇ ಫಿಲ್ಟರ್, ಅದೇ ಹೊತ್ತು ಕಂಡು ಬರಬೇಕು.

ಉದಾಹರಣೆಗೆ ತಿಳಿಯಲ್ಲಿ 148, ಆಮೇಲೆ ಮಣ್ಣನ್ನು ತೊಳೆದ ನೀರಿನಲ್ಲಿ 12 ಮಿಲಿಗ್ರಾಂ ಉಳಿಯಿತೆನ್ನಿ. ಮೊದಲು ಹಾಕಿದ 400 ಮಿಲಿಗ್ರಾಂನಲ್ಲಿ ಕಳೆದರೆ 240 ಮಣ್ಣಿನಲ್ಲಿದೆ. ಹಾಗಾದರೆ 1240ರಲ್ಲಿ 240, ಶೇ. 19.4 ಎಂದು ಬರೆದುಬಿಡುತ್ತಾರೆ. ಅದು ತಪ್ಪು. 240 ಎಂಬುದು ಹೈಡ್ರೋಕ್ಲೋರೈಡಿನ ತೂಕ. ಕ್ಲೋರೈಡ್ ನೀರಿನಲ್ಲೇ ಉಳಿಯಿತು, ಮಣ್ಣಿಗೆ ಹೋದದ್ದು 0.81 ಮಿಲಿಮೋಲ್ ಧನ ಅಯಾನು, ಸುಮಾರು 211 ಮಿಲಿಗ್ರಾಂ. ಅಷ್ಟೇ ಮಿಲಿಮೋಲ್ ಸೋಡಿಯಂ, 19 ಮಿಲಿಗ್ರಾಂ, ಹೊರಬಂತು. ಪುಡಿಯ ತೂಕ 1192, ಅದರಲ್ಲಿ ಔಷಧ ಶೇ. 17.7. ಮಾತ್ರೆಗೆ ಎಷ್ಟು ಪುಡಿ ತುಂಬಬೇಕೆಂಬ ಕಡೆ ಈ ವ್ಯತ್ಯಾಸ ನೇರವಾಗಿ ಡೋಸಿನಲ್ಲಿ ಕಾಣುತ್ತದೆ.

ಒಣಗಿಸುವುದು 40-45 ಡಿಗ್ರಿಯ ನಿರ್ವಾತ ಓವನ್ನಿನಲ್ಲಿ. ಬಿಸಿಗಾಳಿಯಲ್ಲಿ ಅವಸರ ಮಾಡಿದರೆ ಹಲಸಿನ ಹಪ್ಪಳದ ಹಾಗೆ ಗಟ್ಟಿ ಚಕ್ಕೆಯಾಗಿ, ಅರೆದರೂ ಸಮನಾಗುವುದಿಲ್ಲ. ಅರೆದು 150 ಮೈಕ್ರಾನ್ ಜರಡಿ ಹಿಡಿಯಿರಿ.

ಔಷಧ ಪದರದೊಳಗೆ ಹೋಗಿದೆಯೇ, ಮೇಲೆ ಅಂಟಿದೆಯೇ ಎಂಬುದಕ್ಕೆ ಎಕ್ಸ್‌ಆರ್‌ಡಿ (ಕ್ಷ-ಕಿರಣದಿಂದ ಪದರಗಳ ಅಂತರ ಅಳೆಯುವ ಪರೀಕ್ಷೆ) ಬೇಕು. ಕಾರವಾರದ ಈ ತೇವ ಅತಿ ಹೆಚ್ಚು ಮೋಸ ಮಾಡುವುದು ಇಲ್ಲಿಯೇ. ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಒಂದು ನೀರಿನ ಪದರವಿರುವ ಅದರ ಸೋಡಿಯಂ ರೂಪದ ಅಂತರ 12.5 ಆಂಗ್‌ಸ್ಟ್ರಮ್, ತಾಮ್ರದ ಕಿರಣಕ್ಕೆ 7.1 ಡಿಗ್ರಿಯಲ್ಲಿ ಶಿಖರ. ಗಾಳಿಯ ಆರ್ದ್ರತೆ ಶೇ. 90ರ ಹತ್ತಿರವಾದಾಗ ಅದೇ ಮಣ್ಣು ಎರಡನೇ ನೀರಿನ ಪದರ ತೆಗೆದುಕೊಂಡು 15 ಆಂಗ್‌ಸ್ಟ್ರಮ್ ಆಗುತ್ತದೆ, ಶಿಖರ 5.9ಕ್ಕೆ ಜರುಗುತ್ತದೆ. ಒಂದು ಹನಿ ಔಷಧವಿಲ್ಲದೆ ಪದರ ಹಿಗ್ಗಿತು! ಮಾದರಿಗಳು ಪ್ಲಾಸ್ಟಿಕ್ ಕವರಿನಲ್ಲಿ ಅರಬೈಲ್ ಘಟ್ಟ ಹತ್ತಿ ಧಾರವಾಡದ ಕಡೆ ಹೋಗಿ ಸರದಿ ಕಾಯುವಷ್ಟರಲ್ಲಿ ಯಾವುದು ಎಷ್ಟು ನೀರು ಕುಡಿದಿದೆಯೋ ಹೇಳುವಂತಿಲ್ಲ. ಗಾಜಿನ ಸೀಸೆ, ಬಿಗಿ ಮುಚ್ಚಳ, ಸುತ್ತ ಪ್ಯಾರಾಫಿಲ್ಮ್, ಹೊರಗಿನ ಡಬ್ಬಿಯಲ್ಲಿ ಆಗಷ್ಟೇ ಕಾಯಿಸಿದ ನೀಲಿ ಸಿಲಿಕಾ ಜೆಲ್ ಇರಬೇಕು. ಔಷಧವಿಲ್ಲದ ಮಣ್ಣೂ ಅದೇ ಡಬ್ಬಿಯಲ್ಲಿ ಹೋಗಬೇಕು. ಇನ್ನೂ ಖಚಿತವಾಗಬೇಕಾದರೆ ಎರಡರ ಒಂದೊಂದು ಚಿಟಿಕೆಯನ್ನು 105 ಡಿಗ್ರಿಗೆ ಎರಡು ತಾಸು ಕಾಯಿಸಿ, ತಣಿಯುವ ಮೊದಲೇ ಅಳೆಯಲು ಹೇಳಿ. ನೀರಷ್ಟೇ ಇದ್ದ ಮಣ್ಣು 10 ಆಂಗ್‌ಸ್ಟ್ರಮ್ಮಿನ ಹತ್ತಿರಕ್ಕೆ ಕುಸಿಯುತ್ತದೆ. ಒಳಗೆ ಔಷಧದ ಅಣು ಇದ್ದರೆ ಪದರಗಳನ್ನು ಅದು ಎತ್ತಿ ಹಿಡಿದಿರುತ್ತದೆ.

ಬಿಡುಗಡೆಯ ಪರೀಕ್ಷೆ ಪ್ಯಾಡಲ್ ಯಂತ್ರದಲ್ಲಿ, 37 ಡಿಗ್ರಿಯಲ್ಲಿ. ಮೊದಲು 750 ಮಿಲಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎರಡು ತಾಸು, ಆಮೇಲೆ ಅದಕ್ಕೇ 250 ಮಿಲಿ 0.2 ಮೋಲಾರ್ ಟ್ರೈಸೋಡಿಯಂ ಫಾಸ್ಫೇಟ್ ಸೇರಿಸಿ ಪಿಎಚ್ 6.8ಕ್ಕೆ ಹೊಂದಿಸುವುದು. ಆ 250 ಮಿಲಿಯನ್ನೂ 37 ಡಿಗ್ರಿಗೆ ಬಿಸಿ ಮಾಡಿಟ್ಟಿರಬೇಕು. ನಿಮಿಷಕ್ಕೆ 50 ಸುತ್ತಿನಲ್ಲಿ ಪುಡಿ ಪ್ಯಾಡಲಿನ ಕೆಳಗೆ ಗುಡ್ಡೆಯಾಗಿ ಕೂತುಬಿಡುತ್ತದೆ, ಆಗ ಅಳೆದದ್ದು ಗುಡ್ಡೆಯಿಂದ ಸೋರುವ ವೇಗ ಅಷ್ಟೆ. 75ಕ್ಕೆ ಏರಿಸಿ. ಪ್ರತಿ ಸಲ 5 ಮಿಲಿ ತೆಗೆದಾಗ ಅಷ್ಟೇ ಬಿಸಿ ದ್ರಾವಣ ಮರಳಿ ಹಾಕಬೇಕು, ತೆಗೆದ ಔಷಧವನ್ನು ಮುಂದಿನ ಲೆಕ್ಕಗಳಿಗೆ ಕೂಡಿಸಬೇಕು. ಫಿಲ್ಟರಿನಲ್ಲಿ ಸಿಕ್ಕ ಮಣ್ಣನ್ನು ಅದೇ 5 ಮಿಲಿಯಿಂದ ಹಿಮ್ಮುಖವಾಗಿ ತಳ್ಳಿ ಪಾತ್ರೆಗೇ ಸೇರಿಸಿ.

ಜೊತೆಗೆ ಒಂದು ಪಾತ್ರೆಯಲ್ಲಿ ಬರೀ ಡಿಸ್ಟಿಲ್ಡ್ ನೀರು, ಇನ್ನೊಂದರಲ್ಲಿ 0.15 ಮೋಲಾರ್ ಉಪ್ಪುನೀರು ಇಟ್ಟು ನೋಡಿ. ನೀರಿನಲ್ಲಿ ಔಷಧ ಬಹಳ ಕಡಿಮೆ ಹೊರಬರಬೇಕು, ಉಪ್ಪಿನಲ್ಲಿ ಸ್ಪಷ್ಟವಾಗಿ ಹೆಚ್ಚು. ಒಳಗೆ ಹೋಗಲು ಇನ್ನೊಂದು ಅಯಾನು ಇಲ್ಲದೆ ಔಷಧ ಹೊರಬರಲಾರದು. ನೀರಿನಲ್ಲೇ ಅರ್ಧ ಕರಗಿ ಬಂದರೆ ತೊಳೆತ ಸಾಲಲಿಲ್ಲ ಅಥವಾ ಔಷಧ ಹೊರಗೆ ಅಂಟಿಕೊಂಡಿತ್ತು. ಒಂದು ಹಂತದಲ್ಲಿ ಬಿಡುಗಡೆ ನಿಂತುಬಿಟ್ಟು ಶೇ. 100 ಮುಟ್ಟದಿದ್ದರೆ ಗಾಬರಿ ಬೇಡ. ಮುಚ್ಚಿದ ಪಾತ್ರೆಯಲ್ಲಿ ಹೊರಬಂದ ಔಷಧವೂ ಮರಳಿ ಒಳಹೋಗಲು ಪೈಪೋಟಿ ನಡೆಸುತ್ತದೆ. ಕರುಳಿನಲ್ಲಿ ಅದನ್ನು ದೇಹ ಹೀರಿಕೊಳ್ಳುತ್ತಾ ಇರುವುದರಿಂದ ಸಮತೋಲ ಹಾಗೆ ನಿಲ್ಲುವುದಿಲ್ಲ. ಬಿಡುಗಡೆಯ ವೇಗಕ್ಕೆ ಹೊಂದಿಸುವ ಕೋರ್ಸ್‌ಮೇಯರ್-ಪೆಪ್ಪಾಸ್ ಸಮೀಕರಣವನ್ನು ಮೊದಲ ಶೇ. 60ರ ಬಿಂದುಗಳಿಗಷ್ಟೇ ಹೊಂದಿಸಬೇಕು. ರೇಖೆ ಚೆನ್ನಾಗಿ ಕೂತಿತೆಂದು ಒಳಗಿನ ಕ್ರಿಯೆ ಸಾಬೀತಾಯಿತು ಎನ್ನುವುದು ನಮಗಂತೂ ಒಪ್ಪಿಗೆಯಿಲ್ಲ. ಆ ನೀರು-ಉಪ್ಪಿನ ಜೋಡಿ ಪಾತ್ರೆಗಳು ಅದಕ್ಕಿಂತ ಹೆಚ್ಚು ಹೇಳುತ್ತವೆ.

ಆಮ್ಲದಲ್ಲೇ ಬೇಗ ಬಿಟ್ಟುಕೊಟ್ಟರೆ ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆದ ಅಂಟು) ಮಣಿ ಮಾಡುವುದುಂಟು. ಶೇ. 2ರ ಸೋಡಿಯಂ ಆಲ್ಜಿನೇಟಿನಲ್ಲಿ ಪುಡಿಯನ್ನು ಕಲಸಿ, ಸಿರಿಂಜಿನಿಂದ ಶೇ. 2ರ ಕ್ಯಾಲ್ಸಿಯಂ ಕ್ಲೋರೈಡಿಗೆ ಹನಿ ಹಾಕಿದರೆ ಮಣಿ ಕಟ್ಟುತ್ತದೆ. ಕಟ್ಟಿಸುವ ಅದೇ ಕ್ಯಾಲ್ಸಿಯಂ ಮಣ್ಣಿನೊಳಗೂ ಹೋಗಿ ಪ್ರೊಪ್ರಾನೊಲಾಲನ್ನು ಹೊರದೂಡುತ್ತದೆ. ರಾತ್ರಿಯಿಡೀ ಬಿಟ್ಟ ಮಣಿಗಳು ನೋಡಲು ಗಟ್ಟಿ, ಒಳಗೆ ಔಷಧ ಮಾತ್ರ ಇಳಿದುಹೋಗಿರುತ್ತದೆ. 15-20 ನಿಮಿಷಕ್ಕೆ ಜರಡಿಯಲ್ಲಿ ಎತ್ತಿ, ಒಂದು ಸಲ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಆ ಕ್ಯಾಲ್ಸಿಯಂ ದ್ರಾವಣವನ್ನೂ ಅದ್ದಿದ ನೀರನ್ನೂ 290ರಲ್ಲಿ ಅಳೆದು, ಹೈಡ್ರೋಕ್ಲೋರೈಡಿನ ತೂಕವನ್ನು ಧನ ಅಯಾನಿನ ತೂಕಕ್ಕೆ ಬದಲಿಸಿ, ಪುಡಿಯಲ್ಲಿದ್ದ 211 ಮಿಲಿಗ್ರಾಂನಿಂದ ಕಳೆಯಬೇಕು.